ಪಾವಣ್ಯಾರನೇತ್ತಾ

ನಮ್ಮ ಕಡೆ ಮಗುವನ್ನು ಕಂಡವರು ಹೆಸರು ಕೇಳುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟನೇತ್ತಾ?" ಎಷ್ಟನೆಯ ಇಯತ್ತೆ ಎನ್ನುವುದು ಬಾಯಲ್ಲಿ ಸವೆದು ಹಾಗಾಗಿದೆ, ಯಾವ ಕ್ಲಾಸು ಎಂದರ್ಥ. ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತ ಮುದುಕಿ ಕೇಳುತ್ತಾಳೆ, ತಿಕೋಟಾದ ಕಿರಾಣಿ ಅಂಗಡಿಯವನು ಪೊಟ್ಟಣ ಕಟ್ಟುತ್ತ ಕೇಳುತ್ತಾನೆ, ವಿಜಯಪುರದ ಗಾಂಧಿ ಚೌಕದಲ್ಲಿ ಬಳೆ ಇಡಿಸುವವಳು ಹಿಡಿದ ಕೈ ಬಿಡದೆಯೇ ಕೇಳುತ್ತಾಳೆ. ಉತ್ತರವಾಗಿ ಒಂದು ಅಂಕಿ ಹೇಳಿದರೆ ಸಾಕು, ಮಗುವಿನ ವಯಸ್ಸು, ಬುದ್ಧಿ, ಹಣೆಬರಹ ಎಲ್ಲ ತಿಳಿದುಹೋಯಿತು ಎಂಬಂತೆ ತಲೆದೂಗುತ್ತಾರೆ. ಒಂದು ವರ್ಷ ನನ್ನ ಮೂರು ಮಕ್ಕಳ ಹತ್ತಿರ ಆ ಅಂಕಿ ಇರಲಿಲ್ಲ. ಹಾಗೆ ಮಾಡಿದವಳು ನಾನೇ. ಆಗ ಅದನ್ನು ಧೈರ್ಯ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಟ್ಟೇ ಇತ್ತು.

ನಮ್ಮದು ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ ತೋಟದ ಮನೆ. ದ್ರಾಕ್ಷಿ ಬೆಳೆಯುತ್ತೇವೆ, ಮನೆಯ ಹಿಂದೆಯೇ ಅದನ್ನು ಒಣಗಿಸುವ ಶೆಡ್ ಇದೆ. ಮನೆಯಲ್ಲಿ ನಾನು, ನನ್ನ ಗಂಡ, ಎಂಬತ್ತು ದಾಟಿದ ಮಾವನವರು, ಮತ್ತೆ ಮಕ್ಕಳು. ಆ ವರ್ಷ ಹಿರಿಯ ಮಗನಿಗೆ ಹದಿಮೂರು, ನಡುವಿನ ಮಗಳಿಗೆ ಹತ್ತು, ಕೊನೆಯವಳಿಗೆ ಎಂಟೂವರೆ. ಮೂವರೂ ವ್ಯಾನಿನಲ್ಲಿ ವಿಜಯಪುರದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಿದ್ದರು. ಮದುವೆಗೆ ಮುಂಚೆ ನಾನೂ ನಾಲ್ಕು ವರ್ಷ ಪಾಠ ಮಾಡಿದವಳು. ಕಲಿಸುವ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಹಮ್ಮು ಆಗಿನಿಂದಲೂ ಇದೆ.

ಏಪ್ರಿಲ್‌ನಲ್ಲಿ ಶಾಲೆಯಿಂದ ಕರೆ ಬಂತು. ನಡುವಿನವಳನ್ನು ಕರೆದುಕೊಂಡು ಹೋದೆ. ಟೀಚರು ಒಳ್ಳೆಯ ಮಾತಿನಲ್ಲೇ ಹೇಳಿದರು: ಲೆಕ್ಕ ಬರುವುದಿಲ್ಲ, ಬಾಯಿ ಬಿಡುವುದಿಲ್ಲ, ಇನ್ನೊಂದು ವರ್ಷ ನಾಲ್ಕನೆಯ ಕ್ಲಾಸಿನಲ್ಲೇ ಇರಲಿ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ. ನಾನು ತಲೆಯಾಡಿಸಿ ಹೊರಗೆ ಬಂದೆ. ಗೇಟಿನ ಹತ್ತಿರ ಬಂದ ಮೇಲೆ ಮಗಳು ನನ್ನ ಸೀರೆಯ ಸೆರಗು ಜಗ್ಗಿ ಕೇಳಿದಳು: "ಅವ್ವಾ, ತಂಗಿ ಈಗ ಮೂರನೇತ್ತಾ ಪಾಸಾದಳಲ್ಲ. ಹಂಗಾರ ನಾವಿಬ್ಬರೂ ಒಂದ ಬೆಂಚಿನ್ಯಾಗ ಕುಂಡ್ರೂದೇನ?"

ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಅವಳಿಗೆ ಟೀಚರ ಮುಂದೆ ನಿಂತಾಗಲೇ ಹೊಳೆದಿತ್ತು. ಲೆಕ್ಕ ಬಾರದ ಹುಡುಗಿ ಮೊದಲು ಮಾಡಿದ ಲೆಕ್ಕ ಅದು, ಸರಿಯಾಗಿಯೇ ಮಾಡಿದ್ದಳು.

ಮರುದಿನವೇ ಗಂಡನಿಗೆ ಹೇಳಿದೆ, ಮೂವರನ್ನೂ ಶಾಲೆ ಬಿಡಿಸಿ ನಾನೇ ಮನೆಯಲ್ಲಿ ಕಲಿಸುತ್ತೇನೆ ಎಂದು.

"ಒಬ್ಬಾಕಿ ಸಲುವಾಗಿ ಮೂರೂ ಮಂದಿನ್ನ ಯಾಕ ಬಿಡಸ್ತೀ?" ಅಂದರು.

"ಒಬ್ಬಾಕಿನ್ನ ಬಿಡಿಸಿದ್ರ ಆಕಿ ದಡ್ಡಿ ಅಂತ ಊರಿಗೆಲ್ಲ ಗೊತ್ತಾಗ್ತೈತ್ರಿ. ಮೂವರನ್ನೂ ಬಿಡಿಸಿದ್ರ ನಮ್ಮ ಮನಿ ಪದ್ಧತಿನ ಹಂಗ ಅಂತಾರ."

ಅವರು ತಲೆ ಕೆರೆದುಕೊಂಡರು. ಆಮೇಲೆ ಒಂದು ಕರಾರು ಹಾಕಿದರು: "ಒಂದ ವರ್ಷ. ಬರೂ ಜೂನಿಗೆ ಆಕಿ ತನ್ನ ವಾರಿಗಿ ಹುಡುಗ್ಯಾರ ಜೋಡಿ ಆರನೇತ್ತಾ ಕುಂತ್ರ ನಿನ್ನ ಮಾತ ಖರೆ. ಇಲ್ಲಂದ್ರ ತಂಗಿ ಜೋಡಿ ಐದನೇತ್ತಾ ಹಚ್ಚೂದು. ಆಮ್ಯಾಲ ನೀ ಸಿಟ್ಟ ಮಾಡ್ಬಾರ್ದು." ನಾನು ಒಪ್ಪಿಕೊಂಡೆ. ಮಗಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು.

ಇನ್ನು ಯಾವ ಪಠ್ಯಕ್ರಮ ಎಂಬ ಪ್ರಶ್ನೆ. ಗಾಂಧಿ ಚೌಕದ ಪುಸ್ತಕದಂಗಡಿಗಳಿಗೆ ಎರಡು ದಿನ ಅಲೆದೆ. ರಾಜ್ಯದ ಪಠ್ಯಪುಸ್ತಕ ಮೂರು ಕ್ಲಾಸಿನವು, ಕೇಂದ್ರದ್ದು ಮೂರು ಕ್ಲಾಸಿನವು, ಜೊತೆಗೆ ಅವುಗಳ ಗೈಡುಗಳು. ಮೊಬೈಲಿನಲ್ಲಿ ಮನೆಯಲ್ಲೇ ಕಲಿಸುವ ತಾಯಂದಿರ ಒಂದು ಗುಂಪಿಗೆ ಸೇರಿಕೊಂಡೆ. ಅಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಪರೀಕ್ಷೆಯೇ ಬೇಡ ಅನ್ನುವವರು, ವಾರಕ್ಕೊಂದು ಪರೀಕ್ಷೆ ಇರಲೇಬೇಕು ಅನ್ನುವವರು. ಮಕ್ಕಳನ್ನು ಅವರ ಪಾಡಿಗೆ ಬಿಡಿ, ತಾವೇ ಅರಳುತ್ತಾರೆ ಎಂದು ಒಬ್ಬರು ಬರೆದಿದ್ದರು. ನನ್ನ ಮಗನನ್ನು ಅವನ ಪಾಡಿಗೆ ಬಿಟ್ಟರೆ ಬೇವಿನ ಮರದ ಕೆಳಗೆ ಬ್ಯಾಟು ಹಿಡಿದುಕೊಂಡು ಕತ್ತಲಾಗುವವರೆಗೂ ಅರಳುತ್ತಿದ್ದ. ಕೊನೆಗೆ ಅದೇ ಗುಂಪಿನ ಮಾತು ಕೇಳಿ ಇಂಟರ್ನೆಟ್ಟಿನಲ್ಲಿ ಒಂದು ದೊಡ್ಡ ಡಬ್ಬಿ ತರಿಸಿದೆ. ಅದರಲ್ಲಿ ಬಣ್ಣದ ಪುಸ್ತಕ, ಕಾರ್ಡು, ಮರದ ತುಂಡು ಎಲ್ಲ ಇದ್ದವು. ನಿಜ ಹೇಳಬೇಕೆಂದರೆ ನಾನು ಯಾವುದನ್ನೂ ಆರಿಸಲಿಲ್ಲ, ಎಲ್ಲವನ್ನೂ ತಂದೆ. ಯಾವುದಾದರೂ ಒಂದು ಫಲಿಸಲಿ ಎಂಬ ಆಸೆ.

ಜೂನಿನಲ್ಲಿ ಪಡಸಾಲೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಮಗನಿಗೆ ನೀಲಿ, ನಡುವಿನವಳಿಗೆ ಹಸಿರು, ಚಿಕ್ಕವಳಿಗೆ ಕೆಂಪು. ಮೂರು ಮೂಲೆಗೆ ಮೂರು ಚಾಪೆ. ನಾನು ನಡುವೆ. ಮಗನಿಗೆ ಎಂಟನೆಯದರ ಬೀಜಗಣಿತ ಶುರುಮಾಡುವಷ್ಟರಲ್ಲಿ ಚಿಕ್ಕವಳು ಪದ್ಯ ಕೂಗುತ್ತಿದ್ದಳು, ಅವಳನ್ನು ಸುಮ್ಮನಾಗಿಸುವಷ್ಟರಲ್ಲಿ ಮಗ ಕಿಟಕಿಯಿಂದ ಹೊರಗೆ ಯಾರಿಗೋ ಸನ್ನೆ ಮಾಡುತ್ತಿದ್ದ. ನಡುವಿನವಳು ಮಾತ್ರ ಗಪ್‌ಚುಪ್. ಡಬ್ಬಿಯ ಪುಸ್ತಕದಲ್ಲಿ ಭಿನ್ನರಾಶಿಗೆ ಪಿಜ್ಜಾದ ಚಿತ್ರವಿತ್ತು, ಎಂಟು ತುಂಡಿನಲ್ಲಿ ಎರಡು ತಿಂದರೆ ಉಳಿದದ್ದೆಷ್ಟು ಭಾಗ ಎಂದು. ನಾನು ಕೇಳಿದರೆ ಅವಳು ಪುಸ್ತಕ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. "ಅರ್ಧ?" ಅನ್ನುವಳು. ನನ್ನ ಹುಬ್ಬು ಗಂಟಿಕ್ಕಿದರೆ "ಅಲ್ಲ, ಕಾಲು" ಅನ್ನುವಳು. ಶಾಲೆಯಲ್ಲಿ ನಾಲ್ಕು ವರ್ಷ ಅವಳು ಕಲಿತದ್ದು ಅದೇ, ಮುಖ ಓದುವುದನ್ನು. ಅಷ್ಟರಲ್ಲಿ ಕೆಂಪು ಚಾಪೆಯಿಂದ ಚಿಕ್ಕವಳು "ಮುಕ್ಕಾಲು!" ಎಂದು ಕೂಗಿಬಿಡುತ್ತಿದ್ದಳು.

ಯಾವುದನ್ನು ತಪ್ಪಿಸಲು ಶಾಲೆ ಬಿಡಿಸಿದ್ದೆನೋ ಅದೇ ನನ್ನ ಪಡಸಾಲೆಯಲ್ಲಿ ದಿನಾ ನಡೆಯುತ್ತಿತ್ತು. ಮೂರನೆಯ ವಾರಕ್ಕೆ ನನ್ನ ಗಂಟಲು ಕಟ್ಟಿತ್ತು.

ಮಾವನವರು ಇದನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರು ಮಮದಾಪುರದವರು. ಚಿಕ್ಕಂದಿನಲ್ಲಿ ಅಲ್ಲಿಯ ಕೆರೆಯ ದಂಡೆಯಲ್ಲಿ ಕುರಿ ಕಾಯುತ್ತ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಒಂದು ದಿನ ಹೇಳಿದರು: "ಯವ್ವಾ, ಮೂರು ಮಂದಿಗೆ ಮೂರು ಒಲಿ ಹಚ್ಚೀದಿ. ಅಡಿಗಿ ಒಂದ ಮಾಡು. ಅವರವರ ಹಸಿವಿನಷ್ಟ ಉಣ್ತಾರ." ನಾನು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ನಾಲ್ಕನೇತ್ತಾ ಕಲಿತವರು ಬಿ.ಎಡ್. ಮಾಡಿದವಳಿಗೆ ಹೇಳಲು ಬಂದರಲ್ಲ ಎಂದು ಸಿಟ್ಟು ಬಂದಿತ್ತು.

ಅದಾದ ಎರಡು ಮೂರು ದಿನಕ್ಕೆ ಆ ಸಂಜೆಯ ಪ್ರಸಂಗ. ನಾನು ಅಡಿಗೆಮನೆಯಲ್ಲಿದ್ದೆ. ಹಾಲು ಕರೆಯುವ ಹೊತ್ತಾಯಿತೇನೋ ಎಂದು ಅಲ್ಲಿಂದಲೇ ಕೂಗಿದೆ: "ಮಾವಾರ, ಎಷ್ಟಾತ್ರೀ?"

ಕಟ್ಟೆಯಿಂದ ಉತ್ತರ ಬಂತು: "ಪಾವಣ್ಯಾರು!"

ಪಾವಣೆ ಎಂದರೆ ನಮ್ಮ ಕಡೆ ಒಂದು ಪಾವು ಕಡಿಮೆ, ಅಂದರೆ ಕಾಲು ಕಡಿಮೆ. ಪಾವಣೆ ಆರು ಎಂದರೆ ಐದೂ ಮುಕ್ಕಾಲು ಗಂಟೆ. ಬೇಗಬೇಗ ಹೇಳಿದರೆ ಪಾವಣ್ಯಾರು. ಆದರೆ ಮನೆಗೆ ಬರುವ ಬೀಗರು, ನೆಂಟರಿಗೂ ನಾವು ಪಾವಣ್ಯಾರು ಎಂದೇ ಅನ್ನುತ್ತೇವೆ. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನ್ನ ಮಕ್ಕಳಿಗೆ ನೆಂಟರು ಗೊತ್ತಿದ್ದರು, ಪಾವು ಕಡಿಮೆಯ ಆರು ಗೊತ್ತಿರಲಿಲ್ಲ. ನಾನು ಹೊರಗೆ ಬಂದು ನೋಡುತ್ತೇನೆ, ನಡುವಿನವಳು ತಂಬಿಗೆ ತುಂಬ ನೀರು ಹಿಡಿದುಕೊಂಡು, ತಲೆ ಬಾಚಿಕೊಂಡು, ಅಂಗಳದ ಬಾಗಿಲಲ್ಲಿ ನಿಂತಿದ್ದಾಳೆ. ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ. ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕವಳಿಗೂ ಏನೂ ತಿಳಿದಿರಲಿಲ್ಲ, ಆದರೂ ಅಣ್ಣನ ಜೊತೆ ನಕ್ಕಳು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಅವಳು ತಂಬಿಗೆ ಅಲ್ಲೇ ಇಟ್ಟು "ನಾ ದಡ್ಡಿನ ಅದೀನಿ" ಎಂದು ಹೇಳಿ ಶೆಡ್ಡಿನ ಕಡೆ ನಡೆದಳು. ಅಳುತ್ತ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ತನ್ನ ಹೆಸರು ಹೇಳುವಷ್ಟೇ ಸಹಜವಾಗಿ ಹೇಳಿದ್ದಳು.

ಮಾವನವರು ಕಟ್ಟೆಯಿಂದ ಎದ್ದರು. ಕೋಲು ಊರುತ್ತ ಅವಳ ಹಿಂದೆಯೇ ಹೋಗಿ ಕೈ ಹಿಡಿದು ಕರೆತಂದು, ಗೋಡೆಯ ಗಡಿಯಾರದ ಮುಂದೆ ನಿಲ್ಲಿಸಿದರು. "ನೀ ತಪ್ಪ ಕೇಳಿಲ್ಲ ಕೂಸ. ಪಾವಣ್ಯಾರ ಬರಾಕತ್ತಾರ, ಖರೆನ. ನೋಡಿಲ್ಲಿ, ಆರು ಅನ್ನಾಂವ ದಾರಿ ಹಿಡದಾನ. ಇನ್ನ ಮುಟ್ಟಿಲ್ಲ. ಎಷ್ಟ ದಾರಿ ಉಳದೈತಿ?"

ಅವಳು ಅಭ್ಯಾಸದಂತೆ ನನ್ನ ಮುಖ ನೋಡಿದಳು. ಮಾವನವರು ಅವಳ ಗದ್ದ ಹಿಡಿದು ಗಡಿಯಾರದ ಕಡೆ ತಿರುಗಿಸಿದರು.

"ಒಂದ... ಒಂದ ಪಾವು, ಮುತ್ಯಾ" ಎಂದು ಅಜ್ಜನಿಗೆ ಹೇಳಿದಳು.

"ಹಾಂ. ಅಷ್ಟ ಉಳದೈತಿ ಅಂದಾಗ ಪಾವಣೆ. ನೀ ನೀರ ತಗೊಂಡ ಮೊದಲ ಹೋಗಿ ನಿಂತೀದಿ, ಅದರಾಗ ದಡ್ಡತನ ಏನೈತಿ?"

ಆ ಸಂಜೆ ಅವರು ತಾವು ಕಲಿತ ಪಾವಕಿ ಹೇಳಿಸಿದರು. ಪಾವಕಿ ಎಂದರೆ ಹಳೆಯ ಶಾಲೆಗಳಲ್ಲಿದ್ದ ಕಾಲು ಭಾಗದ ಮಗ್ಗಿ. "ಒಂದ ಪಾವ ಪಾವು, ಎರಡ ಪಾವ ಅರ್ಧ, ಮೂರ ಪಾವ ಪಾವಣ, ನಾಕ ಪಾವ ಒಂದು." ಮಗನೂ ಚಿಕ್ಕವಳೂ ಬಂದು ಕೂತರು. ಮೂವರಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ಎಂಟನೆಯದೂ ನಾಲ್ಕನೆಯದೂ ಅದರ ಮುಂದೆ ಒಂದೇ ಆಗಿದ್ದವು. ಮರುದಿನ ಬೆಳಿಗ್ಗೆ ಹಲ್ಲು ತಿಕ್ಕುತ್ತ ನಡುವಿನವಳು ಬಂದು ಕೇಳಿದಳು: "ಅವ್ವಾ, ಹಂಗಾರ ಪಾವಣೆ ಎರಡಂದ್ರ ಒಂದೂ ಮುಕ್ಕಾಲ ಅಲ್ಲೇನ?" ಪಾಠದ ವಿಷಯಕ್ಕೆ ಯಾರೂ ಕೇಳದೆ ಅವಳಾಗಿಯೇ ಬಾಯಿ ಬಿಟ್ಟದ್ದು ಅದೇ ಮೊದಲು.

ಅಂದೇ ವೇಳಾಪಟ್ಟಿ ಹರಿದೆ. ಡಬ್ಬಿ ಅಟ್ಟ ಹತ್ತಿತು. ರಾಜ್ಯದ ಪಠ್ಯಪುಸ್ತಕಗಳನ್ನು ಮಾತ್ರ ಇಟ್ಟುಕೊಂಡೆ. ಯಾವ ಕ್ಲಾಸಿಗೆ ಏನೇನು ಬರಬೇಕು ಎಂದು ನೋಡಿಕೊಳ್ಳಲು ಅವು ಸಾಕಾಗಿದ್ದವು. ಮೂರು ಚಾಪೆ ಹೋಗಿ ಒಂದು ಜಮಖಾನ ಬಂತು. ಮಾವನವರಿಗೆ "ನೀವು ಹೇಳಿದ್ದ ಸರಿ ಇತ್ರಿ" ಎಂದು ಹೇಳಲು ನನಗೆ ಮತ್ತೂ ಎಂಟು ದಿನ ಬೇಕಾಯಿತು. ಅವರು ಏನನ್ನೂ ಕೇಳಿಸಿಕೊಳ್ಳದವರ ಹಾಗೆ ಅಡಿಕೆ ಕತ್ತರಿಸುತ್ತಿದ್ದರು.

ಒಂದೇ ಅಡಿಗೆ ಎಂದರೆ ಹೀಗೆ. ಹೊಲ ಅಳೆಯುವುದಕ್ಕೆ ಮೂವರೂ ಹೋದರು. ಚಿಕ್ಕವಳು ಹೆಜ್ಜೆ ಎಣಿಸಿದಳು. ನಲವತ್ತು ಗುಂಟೆಗೆ ಎಕರೆ ಎಂದು ಹಿಡಿದು ನಡುವಿನವಳು ಪಾವು ಎಕರೆ, ಸವಾ ಎಂದರೆ ಒಂದೂಕಾಲು ಎಕರೆ, ದೀಡ ಎಂದರೆ ಒಂದೂವರೆ ಎಕರೆ, ಎಲ್ಲವನ್ನೂ ಗುಂಟೆಗೆ ತಂದಳು. ಹೊಲದ ಒಂದು ಮೂಲೆ ಸೊಟ್ಟಗಿದೆ. ಅದನ್ನು ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕುವುದು ಮಗನ ಪಾಲು. ಫೆಬ್ರವರಿಯಲ್ಲಿ ದ್ರಾಕ್ಷಿ ಶೆಡ್ಡಿಗೆ ಬಂದಾಗ ನಾಲ್ಕು ಕಿಲೋ ತೂಗಿ ಒಂದು ಬಲೆಯ ಮೇಲೆ ಬೇರೆಯಾಗಿ ಹರಡಿದೆವು. ಒಣಗಿದ ಮೇಲೆ ತೂಗಿದರೆ ಸುಮಾರು ಒಂದು ಕಿಲೋ. "ಮುತ್ಯಾ, ದ್ರಾಕ್ಷಿನೂ ಪಾವಕಿ ಕಲತೈತಿ!" ಎಂದು ನಡುವಿನವಳು ಶೆಡ್ಡಿನಿಂದಲೇ ಕೂಗಿದ್ದು ನನಗೆ ಈಗಲೂ ಕೇಳಿಸುತ್ತದೆ. ಉಳಿದ ಮೂರು ಪಾಲು ಎಲ್ಲಿ ಹೋಯಿತು ಎಂದು ಚಿಕ್ಕವಳು ಕೇಳಿದಳು. ನೀರು ಆವಿಯಾದದ್ದನ್ನು ಮಗ ವಿವರಿಸಲು ಹೋಗಿ, ನಡುವೆ ಸಿಕ್ಕಿಕೊಂಡು, ಒಳಗೆ ಹೋಗಿ ಪುಸ್ತಕ ತೆರೆದ. ಅವನು ಬೇರೆಯವರಿಗಾಗಿ ಪುಸ್ತಕ ತೆರೆದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಎಲ್ಲವೂ ಸಲೀಸಾಯಿತು ಎಂದು ಬರೆದರೆ ಮಕ್ಕಳೇ ನಗುತ್ತಾರೆ. ಸಣ್ಣವರ ಜೋಡಿ ಕೂಡುವುದಿಲ್ಲ ಎಂದು ಮಗ ತಿಂಗಳಿಗೊಮ್ಮೆ ಮುನಿಸಿಕೊಳ್ಳುತ್ತಿದ್ದ. ಇಂಗ್ಲಿಷ್ ಹಿಂದೆ ಬಿತ್ತು, ಅದನ್ನು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ. ಕೆಲವು ದಿನ ತೋಟದ ಕೆಲಸದಲ್ಲಿ ಪಾಠವೇ ನಡೆಯುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಜೂನು ಹತ್ತಿರ ಬಂದಂತೆ ನನಗೆ ಊಟ ಸೇರದಾಯಿತು. ಗಂಡ ಕರಾರಿನ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದೇ ನನಗೆ ಹೆಚ್ಚು ಭಾರವಾಗಿತ್ತು.

ಒಣಗಿಸುವ ಕೆಲಸ ಮುಗಿಯುತ್ತ ಬಂದಾಗ ಜೈನಾಪುರದಿಂದ ನನ್ನ ನಾದಿನಿ ಬಂದಳು. ಮಕ್ಕಳ ಶಾಲೆ ಬಿಡಿಸಿದ್ದು ಅವಳಿಗೆ ಒಂಚೂರೂ ಹಿಡಿಸಿರಲಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟವಳೇ ನಡುವಿನವಳನ್ನು ಹತ್ತಿರ ಕರೆದು, ನನಗೆ ಕೇಳಲಿ ಎಂದೇ ಜೋರಾಗಿ ಕೇಳಿದಳು: "ಯವ್ವಾ, ಈಗ ನೀ ಎಷ್ಟನೇತ್ತಾ?"

ವರ್ಷವಿಡೀ ಆ ಪ್ರಶ್ನೆಗೆ ಅವಳು ತಲೆ ತಗ್ಗಿಸಿ ನನ್ನ ಹಿಂದೆ ಸರಿಯುತ್ತಿದ್ದಳು. ನಾನೇ ಏನೋ ಒಂದು ಹೇಳಿ ಮಾತು ಮುಗಿಸುತ್ತಿದ್ದೆ. ಅಂದೂ ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು:

"ಪಾವಣ್ಯಾರನೇತ್ತಾ, ಅತ್ತಿ."

"ಪಾವಣ್ಯಾರು ನಾ ಅಲ್ಲೇನ ಬೇ?" ಎಂದು ನಾದಿನಿ ಕಣ್ಣು ಅಗಲಿಸಿದಳು.

"ನೀವು ಬಂದ ಬಿಟ್ರಿ ಅತ್ತಿ. ಆರು ಇನ್ನ ಬರಾಕತ್ತೈತಿ. ಒಂದ ಪಾವ ಉಳದೈತಿ."

ಮಾವನವರು ಕಟ್ಟೆಯ ಮೇಲೆ ಕೆಮ್ಮು ಬರುವವರೆಗೂ ನಕ್ಕರು. ನಾದಿನಿಯೂ ನಕ್ಕಳು, ಅವಳನ್ನು ಎಳೆದು ಅಪ್ಪಿಕೊಂಡಳು. ನಾನು ಒಳಗೆ ಹೋಗಿ ಮತ್ತೊಮ್ಮೆ ಚಹಾಕ್ಕೆ ಇಟ್ಟೆ. ನನ್ನ ಮಗಳ ಬಗ್ಗೆ ನನಗೆ ಹೆಮ್ಮೆಯಾಯಿತು. ಎದೆ ತುಂಬ ಆಯಿತು. ಅವಳು ಪಾಸಾಗುತ್ತಾಳೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ, ಆದರೂ ಆಯಿತು.

ಜೂನಿಗೆ ಮೊದಲು ಮಕ್ಕಳನ್ನೇ ಕೇಳಿದೆ, ಮುಂದೆ ಏನು ಎಂದು. ಮಗ ಬಬಲೇಶ್ವರದ ಕನ್ನಡ ಶಾಲೆಗೆ ಹೋಗುತ್ತೇನೆ ಅಂದ, ಅಲ್ಲಿಯ ಮೈದಾನ ದೊಡ್ಡದಂತೆ. ಚಿಕ್ಕವಳು ಇನ್ನೊಂದು ವರ್ಷ ಮುತ್ಯಾನ ಸಾಲಿಯೇ ಬೇಕು ಎಂದು ಹಟ ಹಿಡಿದಳು. ನಡುವಿನವಳು ಹೋಗುತ್ತೇನೆ ಅಂದಳು. ಸ್ವಲ್ಪ ಬಿಟ್ಟು, "ಆರನೇತ್ತಾ ಆದ್ರ ಅಷ್ಟ" ಅಂದಳು.

ಬಬಲೇಶ್ವರದ ಶಾಲೆಯ ಹೆಡ್ ಮಾಸ್ತರು ನಮ್ಮ ಕಡೆಯವರೇ, ವಯಸ್ಸಾದವರು. ಕಾಗದಪತ್ರ ತಿರುವಿ ಹಾಕಿದರು. "ದಾಖಲೆದಾಗ ನಾಲ್ಕನೇತ್ತಾ ಅಂತನ ಐತ್ರಿ. ವಯಸ್ಸು ನೋಡಿದ್ರ ಆರಕ್ಕ ಕುಂಡ್ರಸಬಹುದು. ಆದ್ರ ಅಲ್ಲಿ ಈಕಿಗೆ ನಡೀತೈತೋ ಇಲ್ಲೋ ನೋಡ್ಬೇಕಲ್ರಿ. ಇಲ್ಲಂದ್ರ ಐದಕ್ಕ ಹಚ್ಚೂಣು." ಒಂದು ಪ್ರಶ್ನೆಪತ್ರಿಕೆ ಕೊಟ್ಟರು. ಅವಳು ಬರೆದಳು. ಇಂಗ್ಲಿಷಿನ ಎರಡು ಪ್ರಶ್ನೆ ಖಾಲಿ ಬಿಟ್ಟದ್ದು ನಾನು ಕೂತಲ್ಲಿಂದಲೇ ಕಂಡಿತು. ಮಾಸ್ತರು ಕನ್ನಡಕ ಏರಿಸಿ ನೋಡಿದರು. ಮುಖದಲ್ಲಿ ಏನೂ ತೋರಲಿಲ್ಲ. ಕೊನೆಗೆ ಪತ್ರಿಕೆ ಮಡಿಸಿ ಕೇಳಿದರು: "ಹೋಗ್ಲಿ, ನೀನ ಹೇಳು. ನೀ ಎಷ್ಟನೇತ್ತಾ?"

"ಪಾವಣ್ಯಾರನೇತ್ತಾ, ಸರ್."

ಇದು ಮನೆಯಲ್ಲ, ಇಲ್ಲಿ ನಗೆಚಾಟಿಕೆ ನಡೆಯುವುದಿಲ್ಲ. ಮಾಸ್ತರು ಕನ್ನಡಕ ತೆಗೆದರು.

"ಹಾಂ? ಹಂಗಾರ ಪಾವಣ್ಯಾರ ಎಕರೆಕ್ಕ ಎಷ್ಟ ಗುಂಟೆ, ಹೇಳು ನೋಡೂಣು."

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನನ್ನ ಮುಖ ಅವಳಿಗೆ ಒಂದು ಮೊಳ ದೂರ. ಅವಳು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೂ ಪ್ರಯೋಜನವಿರಲಿಲ್ಲ, ನನಗೆ ಲೆಕ್ಕ ಇನ್ನೂ ಸಿಕ್ಕಿರಲಿಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ಆರ ಎಕರೆಕ್ಕ ಎರಡನೂರಾ ನಲವತ್ತು. ಒಂದ ಪಾವ ಇನ್ನ ಬಂದಿಲ್ಲ, ಅದರವು ಹತ್ತ ಗುಂಟೆ. ಅವನ್ನ ಬಿಟ್ರ ಎರಡನೂರಾ ಮೂವತ್ರಿ ಸರ್."

ಮಾಸ್ತರು ಕೇಳಿದರು: "ಯಾರ ಕಲಿಸ್ಯಾರ ನಿನಗ?"

ಅವಳು ಆಗ ನನ್ನ ಕಡೆ ನೋಡಿದಳು. ಏನು ಹೇಳಬೇಕು ಎಂದು ಕೇಳುವ ನೋಟವಲ್ಲ ಅದು, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುವ ನೋಟ. "ನಮ್ಮ ಮುತ್ಯಾ" ಅಂದಳು. ಒಂದು ಕ್ಷಣ ಬಿಟ್ಟು, "ನಮ್ಮ ಅವ್ವನೂ" ಅಂದಳು.

"ಆರಕ್ಕ ಹಚ್ಚೂಣ್ರಿ. ಇಂಗ್ಲಿಷ್ ನಾವು ನೋಡ್ಕೋತೀವಿ" ಎಂದು ಮಾಸ್ತರು ರಜಿಸ್ಟರ್ ಎಳೆದುಕೊಂಡರು.

ಹೊರಗೆ ಕಾಯುತ್ತಿದ್ದ ನನ್ನ ಗಂಡನ ಮೋಟರ್‌ಸೈಕಲ್ಲಿನ ಮೇಲೆ ನಾನು, ಅವರು, ಅವಳು ಮೂವರೂ ಮನೆಗೆ ಬಂದೆವು. ದಾರಿಯಲ್ಲಿ ಅವರು ಒಂದೇ ಮಾತು ಹೇಳಿದರು, "ನಿನ್ನ ಮಾತ ಖರೆ ಆತ ನೋಡು" ಎಂದು. ನಾನು ಜಂಬದಿಂದ ಏನೋ ಉತ್ತರ ಕೊಟ್ಟೆ, ಗಾಳಿಗೆ ಅವರಿಗೆ ಕೇಳಿಸಲಿಲ್ಲ.

ಮನೆಯ ಮುಂದೆ ಇಳಿದಾಗ ಮಾವನವರು ಕಟ್ಟೆಯ ಮೇಲೆ ಇರಲಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಅವರು ಕುಡಿಯುವ ನೀರನ್ನೂ ತಾವಾಗಿ ತಂದುಕೊಂಡವರಲ್ಲ, ಕೂತಲ್ಲಿಗೇ ತಂದುಕೊಡಬೇಕು. ಅಂದು ಅಂಗಳದ ಬಾಗಿಲಲ್ಲಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ ಹಿಡಿದು ನಿಂತಿದ್ದರು. ನೀರು ಧೋತರದ ಮೇಲೆಲ್ಲ ಚೆಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಎಷ್ಟಾತ ಯವ್ವಾ?" ಎಂದು ಮೊಮ್ಮಗಳನ್ನು ಕೇಳಿದರು.

"ಆರು, ಮುತ್ಯಾ."

"ಬಂತಲ್ಲ ಹಂಗಾರ" ಎಂದು ಅವರು ತಂಬಿಗೆ ಬಗ್ಗಿಸಿ ಅವಳ ಕಾಲಿಗೆ ನೀರು ಹಾಕಿದರು.